ಗಾಲಿ ಕೊಳ್ಳಿ, ಡಬ್ಬಿ ನೀವೇ ಕಟ್ಟಿ: ಹಿತ್ತಿಲ ಪುಟ್ಟ ರೈಲಿಗೆ ವ್ಯಾಗನ್ ಹೊಂದಿಸುವ ಬಗೆ

ಪ್ರಶ್ನೆ: ನಮ್ಮ ಮನೆ ಸಾಗರದಲ್ಲಿ. ಹಿತ್ತಿಲಲ್ಲಿ 45 ಮಿ.ಮೀ. ಗೇಜಿನ (ಎರಡು ಹಳಿಗಳ ನಡುವಿನ ಅಂತರ) ಪುಟ್ಟ ರೈಲುಹಳಿ ಹಾಕಿಕೊಂಡಿದ್ದೇನೆ. ಜರ್ಮನಿಯಲ್ಲಿರುವ ಬಾವ ತಂದುಕೊಟ್ಟ ಎಲ್‌ಜಿಬಿ (ಹಿತ್ತಿಲ ರೈಲಿನ ಜರ್ಮನ್ ಬ್ರಾಂಡ್) ಇಂಜಿನ್ ಇದೆ, ಹಳಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಜೊತೆಗೆ ಬಂದ ಎರಡು ಪುಟ್ಟ ವ್ಯಾಗನ್‌ಗಳು ಚೆನ್ನಾಗಿ ಓಡುತ್ತವೆ. ಆಮೇಲೆ ನಾನು ತರಿಸಿದ ನಾಲ್ಕು ಸೆಕೆಂಡ್ ಹ್ಯಾಂಡ್ ಅಮೆರಿಕನ್ ವ್ಯಾಗನ್‌ಗಳು ತಿರುವಿನಲ್ಲಿ ಬೀಳುತ್ತವೆ, ಮುಂದಿರುವ ಪುಟ್ಟ ವ್ಯಾಗನನ್ನೂ ಬೀಳಿಸುತ್ತವೆ. ತಂಗಿಯ ಮಗ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಕೊಟ್ಟ ವ್ಯಾಗನ್ ಬಿಸಿಲಿಗೆ ಬಾಗಿಹೋಯಿತು. ಭಾರ ಜಾಸ್ತಿ ಹಾಕಿ ಎಂದು ಒಬ್ಬರು, ಮರದ್ದು ಮಲೆನಾಡಿನ ಮಳೆಗೆ ಬಾಳುವುದಿಲ್ಲ ಎಂದು ಇನ್ನೊಬ್ಬರು, ವಿದೇಶದ್ದೇ ಆಗಬೇಕು ಎಂದು ಮತ್ತೊಬ್ಬರು ಹೇಳುತ್ತಾರೆ. ನನಗೆ ಬೇಕಾಗಿರುವುದು ಚಿಕ್ಕಂದಿನಲ್ಲಿ ನೋಡಿದ ತಾಳಗುಪ್ಪದ ಮೀಟರ್ ಗೇಜ್ ಗೂಡ್ಸ್ ಗಾಡಿ. ಇನ್ನೂ ಆರು ವ್ಯಾಗನ್ ಕೊಳ್ಳಲೇ, ಕಟ್ಟಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಗಾಡಿ ಬೀಳುತ್ತದೆ ಎನ್ನುವುದು ಒಂದು. ನೆನಪಿನಲ್ಲಿರುವ ಗಾಡಿ ಅಂಗಡಿಯಲ್ಲಿ ಸಿಗುವುದಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ಬಗೆಹರಿಯುವ ತನಕ ದುಡ್ಡು ಹಾಕಬೇಡಿ. ಆರು ಹೊಸ ವ್ಯಾಗನ್ ಬಂದರೆ ಅವೂ ಅದೇ ತಿರುವಿನಲ್ಲಿ ಬಿದ್ದಾವು.

ಒಂದು ಸೀಮೆಸುಣ್ಣ ಹಿಡಿದುಕೊಂಡು ರೈಲು ಓಡಿಸಿ. ಎಲ್ಲಿ ಬಿತ್ತೋ ಆ ಸ್ಲೀಪರಿಗೆ ಗುರುತು ಹಾಕಿ, ಯಾವ ವ್ಯಾಗನ್ ಬಿತ್ತು ಎಂದು ಬರೆದಿಡಿ. ಬೇರೆ ಬೇರೆ ವ್ಯಾಗನ್‌ಗಳು ಒಂದೇ ಜಾಗದಲ್ಲಿ ಬಿದ್ದರೆ ದೋಷ ಹಳಿಯದು. ಒಂದೇ ವ್ಯಾಗನ್ ಬೇರೆ ಬೇರೆ ಜಾಗದಲ್ಲಿ ಬಿದ್ದರೆ ದೋಷ ಆ ವ್ಯಾಗನಿನದು. ನಿಮ್ಮ ಊರಿನ ಮಳೆಗಾಲ ಕಳೆದ ಮೇಲೆ ಹಳಿಯ ಕೆಳಗಿನ ಮಣ್ಣು ಒಂದು ಕಡೆ ಕುಸಿದಿರುವುದು ತೀರಾ ಸಾಮಾನ್ಯ. ಕಣ್ಣಿಗೆ ಕಾಣುವುದಿಲ್ಲ. ಚಿಕ್ಕದೊಂದು ರಸಮಟ್ಟವನ್ನು ಎರಡೂ ಹಳಿಗಳ ಮೇಲೆ ಅಡ್ಡಡ್ಡ ಇಟ್ಟು ಗೇಣುಗೇಣಿಗೆ ನೋಡುತ್ತಾ ಹೋಗಿ. ಒಂದು ಕಡೆ ಎಡಕ್ಕೆ, ಮುಂದಿನ ಗೇಣಿಗೆ ಬಲಕ್ಕೆ ವಾಲಿದ್ದರೆ ಅಲ್ಲಿ ಹಳಿ ತಿರುಚಿಕೊಂಡಿದೆ ಎಂದರ್ಥ. ಜಲ್ಲಿಪುಡಿ ತುಂಬಿ ಮಟ್ಟ ಮಾಡಿ.

ಆದರೆ ಮುಂದಿನ ಪುಟ್ಟ ವ್ಯಾಗನನ್ನೂ ಎಳೆದು ಬೀಳಿಸುತ್ತವೆ ಎಂದಿರಲ್ಲ, ಆ ಮಾತಿನಿಂದ ನನಗೆ ಅನುಮಾನ ಹೋಗುವುದು ಕೊಂಡಿಯ ಮೇಲೆ. ಅಮೆರಿಕದ 40 ಅಡಿ ಬಾಕ್ಸ್‌ಕಾರಿನ (ಮುಚ್ಚಿದ ಗೂಡ್ಸ್ ಡಬ್ಬಿ) ಮಾದರಿ 1:29 ಅಳತೆಯಲ್ಲಿ, ಅಂದರೆ ನಿಜವಾದದ್ದರ 29ನೇ ಒಂದು ಪಾಲಿಗೆ ಇಳಿಸಿದರೆ, ಸುಮಾರು 420 ಮಿ.ಮೀ. ಉದ್ದ ಬರುತ್ತದೆ. ಎಲ್‌ಜಿಬಿ ಸೆಟ್ಟಿನ ಜೊತೆ ಬರುವ ತಿರುವುಹಳಿಯ ತ್ರಿಜ್ಯ ಬರೀ 600 ಮಿ.ಮೀ. ಅಷ್ಟು ಬಿಗಿಯಾದ ತಿರುವಿನಲ್ಲಿ ಉದ್ದದ ಡಬ್ಬಿಯ ಮೂತಿ ಹಳಿಯಿಂದ ಹೊರಕ್ಕೆ ಚಾಚುತ್ತದೆ. ಪುಟ್ಟ ವ್ಯಾಗನಿನ ಮೂತಿ ಅಷ್ಟು ಚಾಚುವುದಿಲ್ಲ. ಎರಡನ್ನೂ ಕೊಂಡಿ ಹಾಕಿ ಕಟ್ಟಿದರೆ ದೊಡ್ಡದು ಚಿಕ್ಕದನ್ನು ಪಕ್ಕಕ್ಕೆ ಜಗ್ಗುತ್ತದೆ. ವ್ಯಾಗನ್ ಮಗುಚಿ ಅದರ ತಳ ನೋಡಿ. ಕೊಂಡಿಯನ್ನು ಡಬ್ಬಿಯ ತಳಕ್ಕೇ ಸ್ಕ್ರೂ ಹಾಕಿ ಕೂರಿಸಿದ್ದರೆ ಈ ಜಗ್ಗಾಟ ತಪ್ಪಿದ್ದಲ್ಲ. ಅದಕ್ಕೆ ತ್ರಿಜ್ಯ 1,200 ಮಿ.ಮೀ.ಗಿಂತ ಜಾಸ್ತಿ ಇರುವ ತಿರುವು ಬೇಕು. ಡಬ್ಬಿಯ ಎರಡೂ ತುದಿಗಳ ಕೆಳಗೆ ತಿರುಗುವ ನಾಲ್ಕು ಗಾಲಿಯ ಚೌಕಟ್ಟಿಗೇ ಕೊಂಡಿ ಸೇರಿದ್ದರೆ ತಿರುವಿನಲ್ಲಿ ಅದೂ ತಿರುಗುತ್ತದೆ, ಎಳೆಯುವಾಗ ತೊಂದರೆ ಕೊಡುವುದಿಲ್ಲ. ಹಿಂದಕ್ಕೆ ತಳ್ಳುವಾಗ ಮಾತ್ರ ಎಚ್ಚರ ಬೇಕು.

ಇನ್ನು ಭಾರದ ಮಾತು. ಭಾರ ಹಾಕಿದರೆ ಬೀಳುವುದಿಲ್ಲ ಎನ್ನುವುದು ಅರ್ಧ ಮಾತ್ರ ನಿಜ. ತೀರಾ ಹಗುರವಾದ ವ್ಯಾಗನ್ ಕುಪ್ಪಳಿಸುತ್ತದೆ, ಅದಕ್ಕೆ ಸ್ವಲ್ಪ ಭಾರ ಬೇಕು. ಆದರೆ ಹಿಂದೆ ಭಾರದ ವ್ಯಾಗನ್‌ಗಳಿದ್ದು ಇಂಜಿನ್ನಿನ ಪಕ್ಕ ಹಗುರದ್ದು ಇದ್ದರೆ ಏನಾಗುತ್ತದೆ? ತಿರುವಿನಲ್ಲಿ ಇಡೀ ರೈಲು ಬಿಗಿದ ಹಗ್ಗದ ಹಾಗೆ ನೇರವಾಗಲು ನೋಡುತ್ತದೆ, ನಡುವಿನ ಹಗುರ ವ್ಯಾಗನ್ ಒಳಕ್ಕೆ ಉರುಳುತ್ತದೆ. ಎಷ್ಟು ಭಾರ ಎನ್ನುವುದಕ್ಕಿಂತ ಎಲ್ಲವೂ ಹೆಚ್ಚುಕಡಿಮೆ ಸಮ ಇವೆಯಾ, ಭಾರ ತಳದಲ್ಲಿದೆಯಾ ಎನ್ನುವುದು ಮುಖ್ಯ. ಗೇಣುದ್ದದ ನಾಲ್ಕು ಗಾಲಿಯ ವ್ಯಾಗನಿಗೆ ಒಟ್ಟು ಅರ್ಧ ಕಿಲೋ ದಾಟದಂತೆ ನಾನು ನೋಡಿಕೊಳ್ಳುತ್ತೇನೆ. ಪ್ಲಾಸ್ಟಿಕ್ ಗಾಲಿ ತೆಗೆದು ಲೋಹದ ಗಾಲಿ ಹಾಕಿದರೆ ಬೇಕಾದ ಭಾರ ಬಹುಪಾಲು ತಳದಲ್ಲೇ ಸಿಕ್ಕಿಬಿಡುತ್ತದೆ. ಮೇಲಿನ ಡಬ್ಬಿಯಲ್ಲಿ ಕಲ್ಲು, ಬೋಲ್ಟು ತುಂಬುವ ಕೆಲಸ ಬೇಡ.

ಗಾಲಿಯ ವಿಷಯ ಬಂತಲ್ಲ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನನ್ನ ಬೆಂಚಿಗೆ ಬೀಳುತ್ತದೆ ಎಂಬ ದೂರಿನೊಂದಿಗೆ ಬರುವ ವ್ಯಾಗನ್‌ಗಳಲ್ಲಿ ನಾನು ಮೊದಲು ಅಳೆಯುವುದು ಒಂದೇ ಆಕ್ಸಲ್ಲಿನ ಎರಡು ಗಾಲಿಗಳ ಒಳಮೈಗಳ ನಡುವಿನ ಅಂತರ. 45 ಮಿ.ಮೀ. ಹಳಿಗೆ ಅದು ಸುಮಾರು 40 ಮಿ.ಮೀ. ಇರಬೇಕು. ವರ್ನಿಯರ್ ಕ್ಯಾಲಿಪರ್‌ನ ಒಳದವಡೆ ಹಾಕಿ ಗಾಲಿ ತಿರುಗಿಸುತ್ತಾ ಮೂರು ಕಡೆ ಅಳೆಯಿರಿ. ಅಳತೆ ಎಲ್ಲ ಕಡೆ ಒಂದೇ ಬಂದರೆ ಗಾಲಿ ನೆಟ್ಟಗಿದೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬಂದರೆ ಆಕ್ಸಲ್ ಮೇಲೆ ಗಾಲಿ ಓರೆಯಾಗಿ ಕೂತಿದೆ. ಅಂತರ ಕಡಿಮೆಯಾದರೆ ಪಾಯಿಂಟ್‌ಗಳಲ್ಲಿ (ಹಳಿ ಕವಲೊಡೆಯುವ ಜಾಗ) ಫ್ಲ್ಯಾಂಜ್, ಅಂದರೆ ಗಾಲಿಯ ಒಳಬದಿಯ ಎತ್ತರದ ಅಂಚು, ಸಿಕ್ಕಿಕೊಳ್ಳುತ್ತದೆ, ಜಾಸ್ತಿಯಾದರೆ ತಿರುವಿನಲ್ಲಿ ಹಳಿ ಹತ್ತುತ್ತದೆ. ಹಳೆಯ ವ್ಯಾಗನ್‌ಗಳಲ್ಲಿ ಗಾಲಿ ಸಡಿಲವಾಗಿ ಜಾರಿರುವುದೂ ಉಂಟು. ಅರ್ಧ ಮಿಲಿಮೀಟರ್ ಸರಿಪಡಿಸಿದರೆ ಸಾಕು, ತಿಂಗಳುಗಟ್ಟಲೆ ಕಾಡಿದ ವ್ಯಾಗನ್ ಸುಮ್ನೆ ಓಡಲು ಶುರುಮಾಡುತ್ತದೆ.

ಆಮೇಲೆ ನಾಲ್ಕೂ ಗಾಲಿ ನೆಲ ಮುಟ್ಟುತ್ತವೆಯೇ ನೋಡಿ. ಗಾಜಿನ ಹಲಗೆಯ ಮೇಲೆ ವ್ಯಾಗನ್ ಇಟ್ಟು ಪ್ರತಿ ಗಾಲಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರಿಸಲು ನೋಡಿ. ಕಾರ್ಡ್ ಒಳಗೆ ಹೋದ ಗಾಲಿ ಗಾಳಿಯಲ್ಲಿದೆ. ಮನೆಯೊಳಗಿನ ಮಟ್ಟವಾದ ಹಳಿಗಾದರೆ ಇಷ್ಟು ಪರೀಕ್ಷೆ ಸಾಕು. ಹಿತ್ತಿಲಿನ ಹಳಿ ಎಂದೂ ಪೂರ್ತಿ ಮಟ್ಟವಿರುವುದಿಲ್ಲ. ಹಾಗಾಗಿ ನಾಲ್ಕು ಗಾಲಿಯ ವ್ಯಾಗನ್ ಕಟ್ಟುವಾಗ ಒಂದು ಆಕ್ಸಲನ್ನು ಭದ್ರವಾಗಿ ಕೂರಿಸಿ. ಇನ್ನೊಂದನ್ನು ಅದರ ನಡುವಿನ ಒಂದೇ ಸ್ಕ್ರೂ ಮೇಲೆ ಕೂರಿಸಿ, ಎಡಕ್ಕೂ ಬಲಕ್ಕೂ ಒಂದು ಮಿಲಿಮೀಟರ್ ವಾಲುವ ಹಾಗೆ ಬಿಡಿ. ಆಗ ಡಬ್ಬಿಯ ಭಾರ ಮೂರು ಬಿಂದುಗಳ ಮೇಲೆ ನಿಂತು, ಹಳಿ ಎತ್ತ ತಿರುಚಿದ್ದರೂ ನಾಲ್ಕೂ ಗಾಲಿ ಹಳಿ ಬಿಡುವುದಿಲ್ಲ. ಎಂಟು ಗಾಲಿಯ ಉದ್ದದ ವ್ಯಾಗನ್ ಆದರೆ ಒಂದು ಚೌಕಟ್ಟಿನ ಸ್ಕ್ರೂ ಸಡಿಲವಾಗಿರಲಿ, ಎಲ್ಲ ಕಡೆಗೂ ವಾಲಲಿ. ಇನ್ನೊಂದರ ಸ್ಕ್ರೂ ಬಿಗಿಯಾಗಿರಲಿ, ಅದು ತಿರುಗಬೇಕು, ಮುಂದಕ್ಕೂ ಹಿಂದಕ್ಕೂ ಬಾಗಬೇಕು, ಪಕ್ಕಕ್ಕೆ ಮಾತ್ರ ವಾಲಬಾರದು. ನಿಮ್ಮ ಅಮೆರಿಕನ್ ವ್ಯಾಗನ್‌ಗಳ ಮೇಲೆ ಇದನ್ನು ಇವತ್ತೇ ಮಾಡಿ ನೋಡಬಹುದು, ಒಂದು ಸ್ಕ್ರೂಡ್ರೈವರ್ ಸಾಕು.

ಈಗ ತಾಳಗುಪ್ಪದ ಗಾಡಿ. ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಎಲ್‌ಜಿಬಿ 1968ರಲ್ಲಿ ಶುರುವಾದಾಗ ಆರಿಸಿಕೊಂಡದ್ದೇ ಮೀಟರ್ ಗೇಜನ್ನು. 1000 ಮಿ.ಮೀ.ಯನ್ನು 22.5ರಿಂದ ಭಾಗಿಸಿ, 44.4 ಬರುತ್ತದೆ. ಅಂದರೆ ನಿಮ್ಮ ಹಿತ್ತಿಲ 45 ಮಿ.ಮೀ. ಹಳಿ 1:22.5 ಅಳತೆಯಲ್ಲಿ ಶಿವಮೊಗ್ಗ–ತಾಳಗುಪ್ಪದ ಹಳೆಯ ಹಳಿಯೇ. ಬ್ರಾಡ್ ಗೇಜ್ ಮಾಡಹೊರಟವರಿಗೆ ಈ ಸುಖವಿಲ್ಲ. ನಮ್ಮ 1676 ಮಿ.ಮೀ. ಗೇಜನ್ನು 45ಕ್ಕೆ ಇಳಿಸಿದರೆ 1:37 ಎಂಬ ಬೆಸ ಅಳತೆ ಬರುತ್ತದೆ, ಆ ಅಳತೆಗೆ ಗಾಲಿಯಿಂದ ಹಿಡಿದು ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕು. ತರೀಕೆರೆ–ನರಸಿಂಹರಾಜಪುರದ ಎರಡಡಿ ಗೇಜಿನ ಟ್ರಾಮ್ ಮಾಡಬೇಕೆನ್ನುವವರು 32 ಮಿ.ಮೀ. ಹಳಿ, 1:19 ಅಳತೆಗೆ ಹೋಗಬೇಕು. ನಿಮ್ಮದು ಈಗಾಗಲೇ ಸರಿಯಾದ ಜಾಗದಲ್ಲಿದೆ.

ಅಮೆರಿಕನ್ ವ್ಯಾಗನ್‌ಗಳು ಕಣ್ಣಿಗೆ ಹೊಂದದೇ ಇರುವುದಕ್ಕೂ ಉತ್ತರ ಇದರಲ್ಲೇ ಇದೆ. ಅಗಲದಲ್ಲಿ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ 170 ಸೆಂ.ಮೀ. ಎತ್ತರದ ಮನುಷ್ಯ 1:22.5ರಲ್ಲಿ 76 ಮಿ.ಮೀ. ಆಗುತ್ತಾನೆ, 1:29ರಲ್ಲಿ 59 ಮಿ.ಮೀ. ನಿಮ್ಮ ಇಂಜಿನ್ ಡ್ರೈವರ್ ಬೊಂಬೆಯನ್ನು ಆ ಬಾಕ್ಸ್‌ಕಾರಿನ ಏಣಿಯ ಪಕ್ಕ ನಿಲ್ಲಿಸಿ ನೋಡಿ, ಮೆಟ್ಟಿಲ ಮೇಲೆ ಅವನ ಬೂಟು ಹಿಡಿಸುವುದಿಲ್ಲ. ಬಣ್ಣ ಬಳಿದು ಇದನ್ನು ಮುಚ್ಚಲಾಗದು.

ಹಾಗಾದರೆ ಕೊಳ್ಳಬೇಕೆ, ಕಟ್ಟಬೇಕೆ? ನನ್ನ ಸಲಹೆ ನೇರವಾಗಿದೆ. ಗಾಲಿ, ಆಕ್ಸಲ್, ಕೊಂಡಿ ಕೊಳ್ಳಿ. ಮಿಕ್ಕಿದ್ದನ್ನು ಕಟ್ಟಿ. ಮೀಟರ್ ಗೇಜ್ ವ್ಯಾಗನ್ ಗಾಲಿಯ ಅಡ್ಡಳತೆ 725 ಮಿ.ಮೀ., ನಿಮ್ಮ ಅಳತೆಗೆ 32 ಮಿ.ಮೀ. ಚಿಲ್ಲರೆ. ಅಂಗಡಿಯಲ್ಲಿ ಸಿಗುವ ಲೋಹದ ಗಾಲಿ 30 ಮಿ.ಮೀ. ಆಸುಪಾಸಿನದು. ಹಳಿಯ ಮೇಲೆ ಆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ಪೂರ್ತಿ ವ್ಯಾಗನ್ ತರಿಸುವುದಾದರೆ ಸುಂಕದ ಲೆಕ್ಕ ಮೊದಲು ಹಾಕಿ. ಆಟಿಕೆಗಳ ಮೇಲಿನ ಮೂಲ ಕಸ್ಟಮ್ಸ್ ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಮಾದರಿ ರೈಲುಗಳೂ ಆಟಿಕೆಯ ಅಧ್ಯಾಯದಲ್ಲೇ ಬರುತ್ತವೆ. ಮನೆ ಬಳಕೆಗೆ ಬರುವ ಪಾರ್ಸೆಲ್‌ಗೆ ಬೇರೆ ಲೆಕ್ಕ ಇರುತ್ತದೆ, ತೆರಿಗೆ, ಕೊರಿಯರ್ ಶುಲ್ಕ ಪ್ರತ್ಯೇಕ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದ ಮೇಲೆ ಪಾರ್ಸೆಲ್ ತಡೆದು ಪ್ರಶ್ನೆ ಕೇಳುವುದೂ ಇದೆ. ಹಾಗಾಗಿ ತರಿಸುವ ಮುಂಚೆ ಆ ಹೊತ್ತಿನ ದರ ಏನೆಂದು ಕೊರಿಯರ್‌ನವರನ್ನು ಕೇಳಿಕೊಳ್ಳಿ. ದೊಡ್ಡ ಡಬ್ಬಿಗೆ ಗಾಳಿಯನ್ನೂ ಸೇರಿಸಿ ಸಾಗಣೆ ದುಡ್ಡು ಕೊಡುತ್ತೀರಿ. ಹನ್ನೆರಡು ಗಾಲಿ ಜೋಡಿಯಾದರೆ ಬಾವನವರ ಸೂಟ್‌ಕೇಸಿನ ಮೂಲೆಯಲ್ಲಿ ಕೂರುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದು ತಪ್ಪಲ್ಲ, ಒಳ್ಳೆಯ ಗಾಲಿ ಸಿಗುವ ದಾರಿಯೂ ಹೌದು. ಮಾರುವವರಿಂದ ತಳದ ಫೋಟೋ ಕೇಳಿ ಪಡೆಯಿರಿ. ಮೇಲ್ಗಡೆಯ ಫೋಟೋ ಎಲ್ಲರೂ ಹಾಕುತ್ತಾರೆ. ಗಾಲಿ ಲೋಹದ್ದೇ, ಕೊಂಡಿ ಎಲ್ಲಿ ಕೂತಿದೆ, ಮೆಟ್ಟಿಲು ಮುರಿದಿದೆಯೇ ಎಂಬುದು ತಳದಲ್ಲಿ ಗೊತ್ತಾಗುತ್ತದೆ. ಬಿಸಿಲಲ್ಲಿಟ್ಟ ಪ್ಲಾಸ್ಟಿಕ್ ಮೊದಲು ಹಳದಿಯಾಗಿ ಆಮೇಲೆ ಪುಡಿಯಾಗುತ್ತದೆ. ದೀಪವಿರುವ ಗಾರ್ಡ್ ವ್ಯಾನ್ ಆದರೆ ಬ್ಯಾಟರಿ ಗೂಡು ತೆರೆಸಿ ನೋಡಿ, ಸೋರಿದ ಬ್ಯಾಟರಿ ತಗಡನ್ನು ತಿಂದುಹಾಕಿರುತ್ತದೆ.

ಊರಿನ ಲೇಥ್‌ನಲ್ಲಿ ಗಾಲಿ ಮಾಡಿಸಬಹುದಲ್ವಾ ಎಂದು ನೀವು ಕೇಳಬಹುದು. ಖಂಡಿತ ಮಾಡಿಸಬಹುದು, ನಮ್ಮ ಟರ್ನರ್‌ಗಳ ಕೈ ಬಹಳ ಒಳ್ಳೆಯದು. ಎರಡು ಮಾತು ಮಾತ್ರ ಮರೆಯಬೇಡಿ. ಹಳಿ ಮುಟ್ಟುವ ಮೈ ಸಪಾಟಾಗಿರಬಾರದು, ಫ್ಲ್ಯಾಂಜಿನಿಂದ ಹೊರಗಡೆಗೆ ಸುಮಾರು ಮೂರು ಡಿಗ್ರಿ ಇಳಿಜಾರು ಬೇಕು. ಫ್ಲ್ಯಾಂಜ್ ಸೇರುವ ಮೂಲೆ ಚೂಪಾಗಿರದೆ ಸಣ್ಣಗೆ ದುಂಡಗಿರಬೇಕು. ಎರಡನೆಯದು ಇನ್ನೂ ಮುಖ್ಯ. ನಿಮ್ಮ ಇಂಜಿನ್ ಹಳಿಯಿಂದ ಕರೆಂಟ್ ಎಳೆಯುತ್ತದೆ. ಎರಡೂ ಗಾಲಿ, ಆಕ್ಸಲ್ ಎಲ್ಲವೂ ಲೋಹವಾದರೆ ವ್ಯಾಗನ್ ಹಳಿಗಿಟ್ಟ ಕೂಡಲೇ ಎರಡು ಹಳಿಗಳ ನಡುವೆ ಶಾರ್ಟ್ ಆಗುತ್ತದೆ. ಒಂದು ಗಾಲಿಗೆ ನೈಲಾನ್ ಬುಷ್ (ಆಕ್ಸಲ್ ತೂರುವ ಪುಟ್ಟ ಕೊಳವೆ) ಹಾಕಿಸಿ, ಮಲ್ಟಿಮೀಟರ್‌ನಲ್ಲಿ ನೋಡಿ, ಆಮೇಲೆ ಹಳಿಗಿಡಿ.

ಪ್ರಿಂಟರ್‌ನ ವ್ಯಾಗನ್ ಬಾಗಿದ್ದಕ್ಕೆ ನಿಮ್ಮ ಸೋದರಳಿಯನನ್ನು ದೂರಬೇಡಿ. ಅದು ಪಿಎಲ್‌ಎ ಎಂಬ ಪ್ಲಾಸ್ಟಿಕ್ ಇರಬೇಕು. ಅದು 60 ಡಿಗ್ರಿ ಹತ್ತಿರಕ್ಕೇ ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಕಡುಬಣ್ಣದ ವಸ್ತು ಅಷ್ಟು ಕಾಯುವುದು ಕಷ್ಟವೇನಲ್ಲ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಸ್ವಲ್ಪ ಹೆಚ್ಚು ತಡೆಯುತ್ತದೆ. ಎಎಸ್‌ಎ ಶಾಖಕ್ಕೂ ಬಿಸಿಲಿಗೂ ಚೆನ್ನಾಗಿ ನಿಲ್ಲುತ್ತದೆ. ಅದರಲ್ಲಿ ಇಡೀ ವ್ಯಾಗನ್ ಬೇಡ, ಒಂದೇ ಥರದ್ದು ಹಲವು ಬೇಕಾದ ಚಿಕ್ಕ ಸಾಮಾನು ಮಾಡಿಸಿ. ಆಕ್ಸಲ್ ಬಾಕ್ಸಿನ ಮುಖ, ಬಾಗಿಲ ಅಗುಳಿ, ನಡುವಿನ ಬಫರ್ (ಡಬ್ಬಿಗಳು ಒಂದನ್ನೊಂದು ತಳ್ಳುವಾಗ ತಡೆಯುವ ಭಾಗ) ಇಂಥವು. ಮೀಟರ್ ಗೇಜಿನ ವ್ಯಾಗನಿಗೆ ಬ್ರಾಡ್ ಗೇಜಿನ ಹಾಗೆ ಎರಡು ಬದಿ ಬಫರ್ ಇರುವುದಿಲ್ಲ, ನಡುವೆ ಒಂದೇ. ಅದೊಂದನ್ನು ಸರಿಯಾಗಿ ಹಾಕಿದರೆ ಅರ್ಧ ತಾಳಗುಪ್ಪ ಬಂದ ಹಾಗೆ.

ಮರ ಬಾಳುವುದಿಲ್ಲ ಎನ್ನುವ ಮಾತನ್ನು ಬಿಟ್ಟುಬಿಡಿ. ಹಳಿ ಹೊರಗಿರುತ್ತದೆ, ವ್ಯಾಗನ್ ಓಡಿದ ಮೇಲೆ ಮನೆಯೊಳಗೆ ಬರುತ್ತದೆ. ಮಳೆಯಲ್ಲಿ ಬಿಟ್ಟರೆ ಅಂಗಡಿಯ ವ್ಯಾಗನೂ ಉಳಿಯುವುದಿಲ್ಲ, ಆಕ್ಸಲ್ ತುಕ್ಕು ಹಿಡಿಯುತ್ತದೆ. ಮಲೆನಾಡಿನಲ್ಲಿ ಹೆದರಬೇಕಾದದ್ದು ಪೆಟ್ಟಿಗೆಯೊಳಗಿನ ತೇವಕ್ಕೆ. ಒದ್ದೆ ವ್ಯಾಗನನ್ನು ಮುಚ್ಚಿಡಬೇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮರದ ಕತ್ತರಿಸಿದ ತುದಿಗಳೇ ನೀರು ಕುಡಿಯುವುದು, ಅಲ್ಲಿಗೆ ಬಣ್ಣದ ಒಂದು ಕೋಟ್ ಜಾಸ್ತಿ ಕೊಡಿ. ಮಾಮೂಲಿ ಬಿಳಿ ಫೆವಿಕಾಲ್ ಬೇಡ, ಮರೀನ್ ಗೋಂದು ಅಥವಾ ಅರಾಲ್ಡೈಟ್ ಇರಲಿ.

ನಾನು ಕಟ್ಟುವ ರೀತಿ ಹೇಳುತ್ತೇನೆ. ಮೊದಲು ಅಳತೆ. ಹಳೆಯ ವ್ಯಾಗನ್ ಎಲ್ಲಾದರೂ ಕಂಡರೆ ಟೇಪ್ ಹಿಡಿದು ಅಳೆಯಿರಿ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಮೀಟರ್ ಗೇಜಿನ ಗಾಡಿಗಳಿವೆ, ಗಾಲಿ, ಮೆಟ್ಟಿಲು, ಕೊಂಡಿ ಹತ್ತಿರದಿಂದ ನೋಡಲು ಅದು ಒಳ್ಳೆಯ ಜಾಗ. 1992ರಲ್ಲಿ ಹಳಿಗಳನ್ನೆಲ್ಲ ಬ್ರಾಡ್ ಗೇಜ್ ಮಾಡುವ ಏಕರೂಪ ಗೇಜ್ ಯೋಜನೆ ಶುರುವಾದ ಮೇಲೆ ಮೀಟರ್ ಗೇಜ್ ವ್ಯಾಗನ್‌ಗಳು ಗುಜರಿ ಸೇರುತ್ತಾ ಬಂದವು. ನೀವು ಅಳೆದು ಬರೆದಿಟ್ಟದ್ದು ನಿಮ್ಮ ವ್ಯಾಗನಿಗಷ್ಟೇ ಅಲ್ಲ, ಬೇರೆಯವರಿಗೂ ಬೇಕಾಗುತ್ತದೆ. ದಯವಿಟ್ಟು ಜೋಪಾನ ಮಾಡಿ. ಅಳತೆಯನ್ನು 22.5ರಿಂದ ಭಾಗಿಸಿದರೆ ಆಯಿತು. 5.4 ಮೀಟರ್ ಉದ್ದದ ಡಬ್ಬಿ 240 ಮಿ.ಮೀ. ಆಗುತ್ತದೆ.

ತಳಕ್ಕೆ 6 ಮಿ.ಮೀ. ಮರೀನ್ ಪ್ಲೈವುಡ್. ಗೋಡೆಗೆ 3 ಮಿ.ಮೀ. ಸನ್‌ಬೋರ್ಡ್ (ಹಗುರವಾದ ಗಟ್ಟಿ ಪ್ಲಾಸ್ಟಿಕ್ ಹಲಗೆ), ನಾಮಫಲಕ ಮಾಡುವವರ ಹತ್ತಿರ ತುಂಡುಗಳು ಸಿಗುತ್ತವೆ. ನಮ್ಮ ಗೂಡ್ಸ್ ಡಬ್ಬಿಗಳು ಉಕ್ಕಿನ ತಗಡಿನವು, ಸಾಲುಸಾಲು ರಿವೆಟ್ ಇರುವಂಥವು. ಅದಕ್ಕೆ ಆಫ್‌ಸೆಟ್ ಪ್ರೆಸ್‌ನಲ್ಲಿ ಬಳಸಿ ಬಿಟ್ಟ ಅಲ್ಯುಮಿನಿಯಂ ಪ್ಲೇಟ್ ಕೇಳಿ ತನ್ನಿ. ಕತ್ತರಿಯಲ್ಲೇ ಕತ್ತರಿಸಬಹುದು. ಹಿಂಬದಿಗೆ ಪೆನ್ಸಿಲ್ ಗೆರೆ ಎಳೆದು, ಪ್ಲೇಟನ್ನು ರಬ್ಬರ್ ಚಪ್ಪಲಿಯ ಅಟ್ಟೆಯ ಮೇಲಿಟ್ಟು, ಮೊಂಡು ಮಾಡಿದ ದಬ್ಬಣದಿಂದ ಮೂರು ಮಿ.ಮೀ.ಗೊಂದರಂತೆ ಒತ್ತಿ. ತಿರುಗಿಸಿದರೆ ಮುಂಬದಿಯಲ್ಲಿ ರಿವೆಟ್ ತಲೆಗಳು ಎದ್ದಿರುತ್ತವೆ. ದಬ್ಬಣ ನೆಟ್ಟಗೆ ಹಿಡಿಯಿರಿ, ಓರೆ ಹಿಡಿದರೆ ಗುಳಿ ಉದ್ದವಾಗುತ್ತದೆ. ಒಂದು ಬದಿಗೆ ಒಂದು ಸಂಜೆ ಬೇಕು. ಅರಾಲ್ಡೈಟ್‌ನಲ್ಲಿ ಅಂಟಿಸಿ, ಮೇಲೆ ಸಣ್ಣ ಎಲ್ ಪಟ್ಟಿಗಳನ್ನು ಪಕ್ಕೆಲುಬುಗಳಾಗಿ ಕೂರಿಸಿ. ಅಲ್ಯುಮಿನಿಯಂ ಮೇಲೆ ಬಣ್ಣ ನೇರವಾಗಿ ನಿಲ್ಲುವುದಿಲ್ಲ, ಮೊದಲು ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ ತಳಬಣ್ಣ, ಬೇಕೇ ಬೇಕು. ಆಮೇಲೆ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ತೆಳುವಾಗಿ ಹೊಡೆಯಿರಿ. ಅದರ ಹೊಳಪಿಲ್ಲದ ಕೆಂಗಂದು ಹಳೆಯ ಗೂಡ್ಸ್ ಗಾಡಿಗೆ ಹೇಳಿಮಾಡಿಸಿದ ಬಣ್ಣ.

ಟ್ಯಾಂಕ್ ವ್ಯಾಗನ್ ಇನ್ನೂ ಸುಲಭ. 90 ಮಿ.ಮೀ. ಪಿವಿಸಿ ಪೈಪ್ ನಿಮ್ಮ ಅಳತೆಯಲ್ಲಿ ಎರಡು ಮೀಟರ್ ಅಡ್ಡಳತೆಯ ಟ್ಯಾಂಕ್ ಆಗುತ್ತದೆ, 75 ಮಿ.ಮೀ. ಪೈಪ್ ಸುಮಾರು 1.7 ಮೀಟರ್. ಹಳೆಯ ಫೋಟೋ ಜೊತೆ ಹೋಲಿಸಿ ಆರಿಸಿಕೊಳ್ಳಿ.

ಆಕ್ಸಲ್ ತಿರುಗುವ ಜಾಗಕ್ಕೆ ಹಿತ್ತಾಳೆ ಬುಷ್ ಹಾಕಿ, ಬರೀ ಪ್ಲಾಸ್ಟಿಕ್ ಬೇಡ. ಹಿತ್ತಿಲಿನ ದೂಳು ಅದನ್ನು ಬೇಗ ಸವೆಸುತ್ತದೆ. ಎರಡೂ ಆಕ್ಸಲ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಎಡ ಬಲ ಎರಡೂ ಕಡೆ ಆಕ್ಸಲ್‌ನಿಂದ ಆಕ್ಸಲ್‌ಗೆ ಅಳೆದು ಒಂದೇ ಬಂದ ಮೇಲೆ ಬಿಗಿ ಮಾಡಿ. ಕೊಂಡಿ ಎಲ್ಲದಕ್ಕೂ ಒಂದೇ ಬಗೆಯದು, ಒಂದೇ ಎತ್ತರದಲ್ಲಿರಲಿ. ನಿಮ್ಮ ಎಲ್‌ಜಿಬಿ ವ್ಯಾಗನಿನ ಕೊಂಡಿಯ ಎತ್ತರಕ್ಕೆ ಮರದ ತುಂಡೊಂದನ್ನು ಕತ್ತರಿಸಿಟ್ಟುಕೊಂಡರೆ ಪ್ರತಿ ಸಲ ಅಳೆಯುವ ಕೆಲಸ ಉಳಿಯುತ್ತದೆ.

ಆರನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದು ವ್ಯಾಗನಿನ ತಳವನ್ನು ಮಾತ್ರ ಮುಗಿಸಿ, ಡಬ್ಬಿ ಇಲ್ಲದೆ, ಮೇಲೆ ಸ್ವಲ್ಪ ಭಾರ ಇಟ್ಟು ಓಡಿಸಿ. ಎಳೆದು ನೋಡಿ, ಪಾಯಿಂಟ್‌ಗಳ ಮೇಲೆ ಹಿಂದಕ್ಕೆ ತಳ್ಳಿಯೂ ನೋಡಿ. ಅದು ಬೀಳದೆ ಓಡಿದ ಮೇಲೆ ಉಳಿದ ಐದು ತಳಗಳನ್ನು ಅದೇ ಅಳತೆಗೆ ಒಟ್ಟಿಗೆ ಕತ್ತರಿಸಿ. ಬಾವನವರಿಗೆ ಈಗ ಹೇಳಬೇಕಾದದ್ದು ಇಷ್ಟೆ: 30 ಮಿ.ಮೀ. ಲೋಹದ ಗಾಲಿ ಜೋಡಿ ಹನ್ನೆರಡು, ಒಂದು ಕಡೆ ಇನ್ಸುಲೇಟ್ ಆದದ್ದು, ಆರು ವ್ಯಾಗನಿಗೆ ಬೇಕಾಗುವಷ್ಟು ಎಲ್‌ಜಿಬಿ ಕೊಂಡಿ. ಅಮೆರಿಕನ್ ವ್ಯಾಗನ್ ನಾಲ್ಕನ್ನೂ ಸದ್ಯಕ್ಕೆ ಬೇರೆ ಇಡಿ. ತಿರುವನ್ನು ಮುಂದೆ ಹಿಗ್ಗಿಸುವ ಜಾಗ ಹಿತ್ತಿಲಲ್ಲಿದ್ದರೆ ಅವನ್ನೇ ಜೋಡಿಸಿ ಪ್ರತ್ಯೇಕ ರೈಲು ಮಾಡಬಹುದು. ಇಲ್ಲದಿದ್ದರೆ ಲೋಹದ ಗಾಲಿ ಇರುವಂತೆಯೇ ಮಾರಿಬಿಡಿ, ದೊಡ್ಡ ತಿರುವು ಇರುವವರು ಒಳ್ಳೆಯ ಬೆಲೆಗೇ ತೆಗೆದುಕೊಳ್ಳುತ್ತಾರೆ.